ಮಹಾಮಾರಿಯ ಬೆನ್ನಿಗೆ ಬರುವ ವದಂತಿ: ನಮ್ಮ ಸಂಘಗಳು ಮಾಡಬಹುದಾದ ಕೆಲಸ

2020ರ ಮೇ ತಿಂಗಳಲ್ಲಿ ಮುಂಬಯಿಯಿಂದ ಊರಿಗೆ ಹೊರಟು ನಿಂತ ತುಳು-ಕನ್ನಡಿಗರಿಗೆ ಎರಡು ಭಯಗಳಿದ್ದವು. ಒಂದು, ಕೊರೊನಾ ತಗಲೀತೆಂಬ ಭಯ. ಇನ್ನೊಂದು, ಊರಿನವರು ತಮ್ಮನ್ನು ಹೇಗೆ ಕಂಡಾರು ಎಂಬ ಭಯ. ಹೊಟೇಲು, ಕ್ಯಾಂಟೀನುಗಳು ಮುಚ್ಚಿ ಎರಡು ತಿಂಗಳಾಗುತ್ತ ಬಂದಿತ್ತು. ಕೈಯಲ್ಲಿ ಕೆಲಸವಿರಲಿಲ್ಲ, ಖೋಲಿಯ ಬಾಡಿಗೆ ಮಾತ್ರ ನಿಂತಿರಲಿಲ್ಲ. ಅಂಥ ಹೊತ್ತಿನಲ್ಲಿ, ಮೇ 18ರಂದು, ಮಹಾರಾಷ್ಟ್ರ, ಗುಜರಾತ್, ತಮಿಳುನಾಡು ಮತ್ತು ಕೇರಳದಿಂದ ಬರುವವರಿಗೆ ತಿಂಗಳ ಕೊನೆಯ ತನಕ ಪ್ರವೇಶವಿಲ್ಲವೆಂದು ಕರ್ನಾಟಕ ಸರಕಾರ ಪ್ರಕಟಿಸಿತು. ಅದಕ್ಕೆ ಮೊದಲೇ ಊರು ತಲುಪಿದ್ದವರು ಕ್ವಾರಂಟೈನಿನಲ್ಲಿ ದಿನ ಎಣಿಸುತ್ತಿದ್ದರು.

ಮುಂಬಯಿಯಿಂದ ಹೋದವರಲ್ಲಿ ಕೆಲವರಿಗೆ ಸೋಂಕು ಇದ್ದುದು ನಿಜ. ಆದರೆ ಆ ನಿಜದ ಬೆನ್ನಿಗೆ ಸುಳ್ಳೂ ಹೋಯಿತು. ಮುಂಬಯಿಯಿಂದ ಬಂದವರೆಲ್ಲ ರೋಗಿಗಳು, ಕ್ವಾರಂಟೈನ್ ಮುಗಿಸಿದವರೂ ರೋಗ ಹರಡುತ್ತಾರೆ, ಅವರ ಮನೆಯ ಬಾವಿಯ ಕಡೆಗೂ ಹೋಗಬಾರದು ಎಂಬ ಮಾತುಗಳು ಮೊಬೈಲಿನಿಂದ ಮೊಬೈಲಿಗೆ ಹಾರಿದವು. ವರ್ಷಕ್ಕೊಮ್ಮೆ ಊರಿನ ಜಾತ್ರೆಗೆ, ನೇಮೋತ್ಸವಕ್ಕೆ ದೇಣಿಗೆ ಕೊಟ್ಟು ಗೌರವ ಪಡೆಯುತ್ತಿದ್ದವರೇ ಆ ತಿಂಗಳು ಅದೇ ಊರಿಗೆ ಬೇಡವಾದರು. ರೋಗ ಬಂದವರು ಬಹುತೇಕ ಗುಣವಾದರು. ಆಡಿದ ಮಾತಿನ ಗಾಯ ಮಾಯಲು ಹೆಚ್ಚು ಕಾಲ ಹಿಡಿಯಿತು.

ಸಾಂಕ್ರಾಮಿಕ ರೋಗದ ಕಾಲದಲ್ಲಿ ವದಂತಿಯೂ ಒಂದು ರೋಗವೇ. ವಿಶ್ವ ಆರೋಗ್ಯ ಸಂಸ್ಥೆಯು 2020ರ ಫೆಬ್ರವರಿಯಲ್ಲೇ ಇದಕ್ಕೆ 'ಇನ್ಫೋಡೆಮಿಕ್' ಎಂಬ ಹೆಸರನ್ನು ಬಳಸಿತು. ನಿಜವೂ ಸುಳ್ಳೂ ಬೆರೆತ ಸುದ್ದಿಯ ನೆರೆ ಎಂದು ಇದರ ಅರ್ಥ. ನೆರೆಯಲ್ಲಿ ನೀರೆಷ್ಟಿದ್ದರೂ ಕುಡಿಯುವ ನೀರಿಗೆ ಪರದಾಡುವಂತೆ, ಸುದ್ದಿ ಹೆಚ್ಚಿದಷ್ಟೂ ನಂಬಬಹುದಾದ ಒಂದು ಮಾತು ಸಿಗುವುದು ಕಷ್ಟವಾಗುತ್ತದೆ. ಆ ಒಂದು ಮಾತನ್ನು ಒದಗಿಸುವ ಶಕ್ತಿ ಹೊರನಾಡಿನ ನಮ್ಮ ಸಂಘ-ಸಂಸ್ಥೆಗಳಿಗೆ ಇದೆ ಎಂಬುದೇ ಈ ಲೇಖನದ ವಿಷಯ.

ಬೊಂಬಾಯಿಯ ಪ್ಲೇಗು ಕಲಿಸಿದ ಪಾಠ

ವದಂತಿ ಹುಟ್ಟಿದ್ದು ಮೊಬೈಲಿನಿಂದ ಎಂದು ತಿಳಿದವರು ಈ ಮಹಾನಗರದ ಚರಿತ್ರೆಯನ್ನು ಒಮ್ಮೆ ನೋಡಬೇಕು. 1896ರ ಸೆಪ್ಟಂಬರಿನಲ್ಲಿ ಮಾಂಡ್ವಿ ಭಾಗದಲ್ಲಿ ಡಾ. ಅಕಾಸಿಯೊ ವಿಯೇಗಸ್ ಅವರು ಪ್ಲೇಗನ್ನು ಗುರುತಿಸಿದರು. ಕೆಲವೇ ತಿಂಗಳಲ್ಲಿ ಲಕ್ಷಗಟ್ಟಲೆ ಜನ ನಗರ ಬಿಟ್ಟು ಓಡಿದರು. 1897ರ ಫೆಬ್ರವರಿಯಲ್ಲಿ ಬ್ರಿಟಿಷ್ ಸರಕಾರ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ತಂದಿತು. ಮನೆಗಳಿಗೆ ನುಗ್ಗಿ ತಪಾಸಣೆ, ರೋಗಿಗಳನ್ನು ಬಲವಂತವಾಗಿ ಆಸ್ಪತ್ರೆಗೆ ಸೇರಿಸುವುದು, ರೈಲು ನಿಲ್ದಾಣಗಳಲ್ಲಿ ಪ್ರಯಾಣಿಕರನ್ನು ಇಳಿಸಿ ಪರೀಕ್ಷಿಸುವುದು ನಡೆಯಿತು.

ಜನರಿಗೆ ಆಸ್ಪತ್ರೆಯೆಂದರೆ ನಂಬಿಕೆಯಿರಲಿಲ್ಲ. ಅಲ್ಲಿ ರೋಗಿಗಳನ್ನು ಕೊಂದು ದೇಹದಿಂದ ಔಷಧಿಯ ಎಣ್ಣೆ ತೆಗೆಯುತ್ತಾರೆಂಬ ವದಂತಿ ಹಬ್ಬಿತು. ವಿಕ್ಟೋರಿಯಾ ರಾಣಿಯ ಪ್ರತಿಮೆಗೆ ಯಾರೋ ಡಾಂಬರು ಬಳಿದ ಸಿಟ್ಟಿಗೆ ರಾಣಿಯು ಜನರ ಪಿತ್ತಜನಕಾಂಗಗಳನ್ನು ಕೇಳಿದ್ದಾಳೆ ಎಂದೂ ಜನ ಆಡಿಕೊಂಡರು. 1896ರ ಅಕ್ಟೋಬರ್ 29ರಂದು ಸುಮಾರು ಸಾವಿರ ಮಂದಿ ಗಿರಣಿ ಕಾರ್ಮಿಕರು ಅರ್ಥರ್ ರೋಡಿನ ಸಾಂಕ್ರಾಮಿಕ ರೋಗಗಳ ಆಸ್ಪತ್ರೆಯ ಮೇಲೆ ದಾಳಿ ಮಾಡಿದರು. ಇಂದಿನ ಕಸ್ತೂರ್ಬಾ ಆಸ್ಪತ್ರೆಯೇ ಅದು. 2020ರಲ್ಲಿ ಮುಂಬಯಿಯ ಮೊದಲ ಕೊರೊನಾ ರೋಗಿಗಳನ್ನು ನೋಡಿಕೊಂಡದ್ದೂ ಇದೇ ಆಸ್ಪತ್ರೆ.

ಆಗಲೇ ಬೊಂಬಾಯಿಗೆ ಬಂದಿದ್ದ ವಿಜ್ಞಾನಿ ವಾಲ್ಡೆಮಾರ್ ಹಾಫ್‌ಕಿನ್ ಅವರು ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಪ್ಲೇಗಿನ ಲಸಿಕೆ ತಯಾರಿಸಿ 1897ರ ಜನವರಿ 10ರಂದು ಮೊದಲು ತಮಗೇ ಚುಚ್ಚಿಸಿಕೊಂಡರು. ಲಸಿಕೆಯ ಹಿಂದೆಯೇ ಅದರ ವದಂತಿಯೂ ಹೊರಟಿತು. ಸೂಜಿ ಗಜದಷ್ಟು ಉದ್ದವಿದೆ, ಚುಚ್ಚಿಸಿಕೊಂಡ ಗಂಡಸರ ಪುರುಷತ್ವ ಹೋಗುತ್ತದೆ, ಹೆಂಗಸರಿಗೆ ಮಕ್ಕಳಾಗುವುದಿಲ್ಲ ಎಂದು ಪಂಜಾಬಿನ ಹಳ್ಳಿಗಳಲ್ಲಿ ಹೇಳುತ್ತಿದ್ದರು. ನೂರಿಪ್ಪತ್ತು ವರ್ಷಗಳ ಬಳಿಕ, 2021ರ ಜನವರಿಯಲ್ಲಿ ಕೊರೊನಾ ಲಸಿಕೆಗೆ ಒಪ್ಪಿಗೆ ಸಿಕ್ಕಿದಾಗಲೂ ಜನರ ಬಾಯಲ್ಲಿ ಇದ್ದುದು ಇದೇ ಮಾತು. ಪುರುಷತ್ವ ಹೋಗುತ್ತದೆಂಬುದು ಶುದ್ಧ ಸುಳ್ಳು ಎಂದು ದೇಶದ ಔಷಧ ನಿಯಂತ್ರಕರೇ ಹೇಳಬೇಕಾಯಿತು. 2020ರ ಆಗಸ್ಟ್-ಸೆಪ್ಟಂಬರ್ ಹೊತ್ತಿಗೆ ಪಂಜಾಬಿನಲ್ಲಿ ಆಸ್ಪತ್ರೆಯವರು ಕೊರೊನಾ ರೋಗಿಗಳ ಅಂಗಾಂಗ ಕದಿಯುತ್ತಾರೆಂಬ ಸುದ್ದಿ ಹಬ್ಬಿ, ಪರೀಕ್ಷೆಗೇ ಬರುವುದಿಲ್ಲವೆಂದು ಕೆಲವು ಗ್ರಾಮಗಳು ಠರಾವು ಮಾಡಿದವು. 1896ರ ಎಣ್ಣೆಯ ಕಥೆಯೇ ಮತ್ತೊಂದು ರೂಪದಲ್ಲಿ ಬಂದಿತ್ತು.

ಆ ದಿನಗಳ ಇನ್ನೊಂದು ಸಂಗತಿಯನ್ನು ಸಂಘ-ಸಂಸ್ಥೆಗಳು ಮುಖ್ಯವಾಗಿ ಗಮನಿಸಬೇಕು. ಖೋಜಾ ಸಮುದಾಯದ ಗುರು, ಆಗಿನ್ನೂ ಇಪ್ಪತ್ತರ ಆಸುಪಾಸಿನ ಮೂರನೆಯ ಆಗಾ ಖಾನ್ ಅವರು ತಮ್ಮ ಜನರೆದುರಿಗೆ ತಾವೇ ಲಸಿಕೆ ಹಾಕಿಸಿಕೊಂಡರು. ಒಮ್ಮೆಯಲ್ಲ, ಹಲವು ಸಲ. ಹಾಫ್‌ಕಿನ್ ಅವರ ಕೆಲಸಕ್ಕೆ ತಮ್ಮ ಕಟ್ಟಡವನ್ನೂ ಬಿಟ್ಟುಕೊಟ್ಟರು. ಅವರ ಸಮುದಾಯದವರು ದೊಡ್ಡ ಸಂಖ್ಯೆಯಲ್ಲಿ ಲಸಿಕೆಗೆ ಮುಂದೆ ಬಂದರು. ಸರಕಾರದ ಡಂಗುರ ಮಾಡಲಾಗದ ಕೆಲಸವನ್ನು ತಮ್ಮವರೊಬ್ಬರು ತೋಳು ಒಡ್ಡಿ ಮಾಡಿ ತೋರಿಸಿದರು.

ಕೋಳಿಯಿಂದ ಲಸಿಕೆಯ ತನಕ

ಕೊರೊನಾ ಕಾಲದ ಸುಳ್ಳು ಸುದ್ದಿಗಳನ್ನು ಈಗ ನೆನೆದರೆ ನಗು ಬಂದೀತು. ಆದರೆ ಅವುಗಳಿಂದ ನಷ್ಟಪಟ್ಟವರಿಗೆ ನಗು ಬರಲಿಲ್ಲ.

ಮೊದಲು ಪೆಟ್ಟು ಬಿದ್ದದ್ದು ಕೋಳಿಗೆ. 2020ರ ಫೆಬ್ರವರಿ-ಮಾರ್ಚಿನಲ್ಲಿ ಕೋಳಿ ತಿಂದರೆ ಕೊರೊನಾ ಬರುತ್ತದೆಂಬ ಸಂದೇಶ ಹರಡಿ ಮಹಾರಾಷ್ಟ್ರ, ಕರ್ನಾಟಕಗಳಲ್ಲಿ ಬೆಲೆ ಕುಸಿಯಿತು. ಬೆಳಗಾವಿ ಜಿಲ್ಲೆಯ ಗೋಕಾಕ ತಾಲೂಕಿನ ರೈತರೊಬ್ಬರು ಸಾಕಿದ ಸಾವಿರಾರು ಕೋಳಿಗಳನ್ನು ಗುಂಡಿ ತೋಡಿ ಜೀವಂತ ಹೂಳಬೇಕಾಯಿತು. ಮಾರ್ಚ್ 22ರ ಜನತಾ ಕರ್ಫ್ಯೂ ದಿನ ಚಪ್ಪಾಳೆ, ಗಂಟೆಗಳ ಕಂಪನದಿಂದ ವೈರಸ್ ಸಾಯುತ್ತದೆಂದು ಸಂದೇಶ ಬಂತು. ಹದಿನಾಲ್ಕು ಗಂಟೆ ಮನೆಯಲ್ಲಿದ್ದರೆ ಸೋಂಕಿನ ಸರಪಣಿಯೇ ಕಡಿದುಹೋಗುತ್ತದೆಂದು ಇನ್ನೊಂದು ಬಂತು. ಅದನ್ನು ನಂಬಿ ಸಂಜೆ ಕೆಲವೆಡೆ ಜನ ಗುಂಪುಗೂಡಿ ಬೀದಿಗಿಳಿದರು.

ಏಪ್ರಿಲ್ 14ರಂದು ಲಾಕ್‌ಡೌನ್ ಮೇ 3ರ ತನಕ ಮುಂದುವರಿಯುವುದೆಂದು ಪ್ರಕಟವಾದ ದಿನವೇ ಬಾಂದ್ರಾ ನಿಲ್ದಾಣದ ಬಳಿ ಊರಿಗೆ ಹೋಗಲು ಕಾದ ಕಾರ್ಮಿಕರು ನೆರೆದರು. ರೈಲು ಬಿಡುತ್ತಾರೆಂಬ ಸುದ್ದಿಯೂ ಅದಕ್ಕೊಂದು ಕಾರಣವಾಗಿತ್ತು. ರೈಲು ಬರಲಿಲ್ಲ, ಲಾಠಿ ಏಟು ಬಿತ್ತು. ಹಸಿದು ಕಂಗೆಟ್ಟವರಿಗೆ ಆಸೆ ಹುಟ್ಟಿಸುವ ಸುಳ್ಳು ಎಷ್ಟು ಕ್ರೂರವೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಇನ್ನು ಸತ್ತವರ ಮಾತು. 2020ರ ಏಪ್ರಿಲ್ 19ರ ರಾತ್ರಿ ಚೆನ್ನೈಯಲ್ಲಿ ಕೊರೊನಾದಿಂದ ತೀರಿಹೋದ ನರರೋಗ ಶಸ್ತ್ರವೈದ್ಯರೊಬ್ಬರ ದೇಹವನ್ನು ಹೂಳಲು ತಂದಾಗ, ಶವದಿಂದ ರೋಗ ಹರಡುತ್ತದೆಂದು ನಂಬಿದ ಗುಂಪು ಆಂಬುಲೆನ್ಸಿನ ಮೇಲೆ ಕಲ್ಲು ತೂರಿತು. ಅವರ ಮಿತ್ರರಾದ ಇನ್ನೊಬ್ಬ ವೈದ್ಯರು ಪೊಲೀಸ್ ಕಾವಲಿನಲ್ಲಿ, ರಾತ್ರೋರಾತ್ರಿ ಮಣ್ಣು ಮುಚ್ಚಿದರು. ಅದೇ ವಾರ ಮಂಗಳೂರಿನಲ್ಲಿ, ಬಂಟ್ವಾಳದ ಹಿರಿಯ ಮಹಿಳೆಯೊಬ್ಬರ ಶವಕ್ಕೆ ಬೆಂಕಿ ಕೊಡಲು ಒಂದು ಸ್ಮಶಾನದಿಂದ ಇನ್ನೊಂದಕ್ಕೆ ಅಲೆಯಬೇಕಾಯಿತು. ನಿಯಮದಂತೆ ಕಟ್ಟಿ ತಂದ ಶವವನ್ನು ಸುಟ್ಟಾಗ ಬರುವ ಹೊಗೆಯಿಂದ ಸೋಂಕು ಹರಡುವುದಿಲ್ಲ. ಈ ಒಂದು ವಾಕ್ಯವನ್ನು ನೆರೆಯವರಿಗೆ ನಂಬುವಂತೆ ಮೊದಲೇ ಹೇಳುವವರಿದ್ದಿದ್ದರೆ ಆ ಕುಟುಂಬಗಳಿಗೆ ಅಷ್ಟು ನೋವಾಗುತ್ತಿರಲಿಲ್ಲ.

ಸುಳ್ಳು ಒಂದು ಸಮುದಾಯದ ಮೇಲೂ ಬಿತ್ತು. ಮಧ್ಯಪ್ರದೇಶದ ರಾಯಸೇನ್‌ನಲ್ಲಿ ಹಣ್ಣಿನ ವ್ಯಾಪಾರಿಯೊಬ್ಬ ಬೆರಳು ನೆಕ್ಕಿ ಹಣ್ಣು ಜೋಡಿಸುವ ವಿಡಿಯೋ 2020ರ ಏಪ್ರಿಲಿನಲ್ಲಿ ಎಲ್ಲೆಡೆ ಓಡಾಡಿತು. ಅದು ಫೆಬ್ರವರಿಯಲ್ಲಿ ತೆಗೆದದ್ದಾಗಿತ್ತು. ಅದನ್ನು ನೋಡಿ ಅನೇಕ ಬಡಾವಣೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳ ಗಾಡಿಗಳನ್ನು ತಡೆದರು. ದಿಲ್ಲಿಯ ತಬ್ಲೀಗಿ ಸಭೆಗೆ ಬಂದಿದ್ದ ವಿದೇಶೀಯರ ಮೇಲಿನ ಮೊಕದ್ದಮೆಗಳನ್ನು ಅದೇ ಆಗಸ್ಟ್ 21ರಂದು ಬೊಂಬಾಯಿ ಹೈಕೋರ್ಟಿನ ಔರಂಗಾಬಾದ್ ಪೀಠ ರದ್ದುಪಡಿಸಿ, ಅವರನ್ನು ಬಲಿಪಶು ಮಾಡಿದಂತಿದೆ ಎಂಬ ಅಭಿಪ್ರಾಯ ನೀಡಿತು. ಮುಂಬಯಿಯಿಂದ ಬಂದವರೆಂಬ ಒಂದೇ ಕಾರಣಕ್ಕೆ ಊರಿನಲ್ಲಿ ದೂರವಾದ ನಮಗೆ ಈ ನೋವು ಅರ್ಥವಾಗಬೇಕು.

ಎರಡನೇ ಅಲೆಯಲ್ಲಿ ಆಸ್ಪತ್ರೆಯ ಹಾಸಿಗೆ, ಆಮ್ಲಜನಕ ಸಿಗದೆ ಜನ ತತ್ತರಿಸಿದಾಗ ಮನೆಮದ್ದಿನ ಸಂದೇಶಗಳು ಹೆಚ್ಚಿದವು. 2021ರ ಏಪ್ರಿಲಿನಲ್ಲಿ ಕರ್ನಾಟಕದಲ್ಲಿ ಮೂಗಿಗೆ ನಿಂಬೆರಸ ಬಿಟ್ಟುಕೊಂಡರೆ ಕೊರೊನಾ ಹೋಗುತ್ತದೆಂಬ ಮಾತು ಹಬ್ಬಿತು. ಅಂಥ ಪ್ರಯೋಗ ಮಾಡಬೇಡಿರೆಂದು ವೈದ್ಯರು ಕೈಮುಗಿದು ಹೇಳಬೇಕಾಯಿತು. ಮೇ ತಿಂಗಳಲ್ಲಿ ರೋಗಕ್ಕೆ 5ಜಿ ಟವರುಗಳೇ ಕಾರಣವೆಂಬ ಸುದ್ದಿ ಬಂತು. ಆಗ ನಮ್ಮ ದೇಶದಲ್ಲಿ 5ಜಿ ಸೇವೆಯೇ ಇರಲಿಲ್ಲ. ಅದು ಆರಂಭವಾದದ್ದು 2022ರ ಅಕ್ಟೋಬರಿನಲ್ಲಿ.

ಸುಳ್ಳು ಬಂದದ್ದು ಮೊಬೈಲಿನಲ್ಲಿ ಮಾತ್ರವಲ್ಲ, ಸಿರಿಂಜಿನಲ್ಲೂ ಬಂತು. 2021ರ ಮೇ 30ರಂದು ಕಾಂದಿವಲಿಯ ಹೌಸಿಂಗ್ ಸೊಸೈಟಿಯೊಂದರಲ್ಲಿ 390 ಮಂದಿಗೆ ತಲಾ 1,260 ರೂಪಾಯಿ ಪಡೆದು ಲಸಿಕೆ ಹಾಕಲಾಯಿತು. ಯಾರಿಗೂ ಜ್ವರ ಬರಲಿಲ್ಲ, ಮೊಬೈಲಿಗೆ ಸಂದೇಶ ಬರಲಿಲ್ಲ, ಕೊನೆಗೆ ಬಂದ ಪ್ರಮಾಣಪತ್ರಗಳು ಬೇರೆ ಬೇರೆ ಆಸ್ಪತ್ರೆಗಳ ಹೆಸರಿನಲ್ಲಿದ್ದವು. ನಿವಾಸಿಗಳು ಆ ಆಸ್ಪತ್ರೆಗಳನ್ನೇ ಕೇಳಿದಾಗ ಶಿಬಿರವೇ ನಕಲಿ ಎಂಬುದು ಹೊರಬಿತ್ತು. ತನಿಖೆ ಮುಂದುವರಿದಂತೆ ಮುಂಬಯಿಯಲ್ಲಿ ಇಂಥ ಶಿಬಿರಗಳಲ್ಲಿ ಮೋಸಹೋದವರು ಎರಡು ಸಾವಿರಕ್ಕೂ ಹೆಚ್ಚು ಎಂದು ತಿಳಿಯಿತು. ಓದು ಬಲ್ಲವರೇ ಮೋಸಹೋಗಿದ್ದರು. ಮೋಸವನ್ನು ಹಿಡಿದದ್ದೂ ಸುಮ್ಮನಿರದೆ ಮೂಲಕ್ಕೆ ಹೋಗಿ ವಿಚಾರಿಸಿದ ನಿವಾಸಿಗಳೇ.

ಅಲ್ಲಗಳೆದರೂ ಏಕೆ ನಿಲ್ಲಲಿಲ್ಲ?

ಸರಕಾರ ಸುಮ್ಮನೆ ಕುಳಿತಿರಲಿಲ್ಲ. ಕೇಂದ್ರದ ಪತ್ರಿಕಾ ಮಾಹಿತಿ ಕಚೇರಿಯು ಸತ್ಯಾಂಶ ಪರಿಶೀಲನೆಯ ವಿಭಾಗವನ್ನು 2019ರಲ್ಲೇ ಆರಂಭಿಸಿತ್ತು. ಬಹಳ ಸಲ ಹಂಚಿಕೆಯಾದ ಸಂದೇಶವನ್ನು ಒಮ್ಮೆಗೆ ಒಬ್ಬರಿಗೆ ಮಾತ್ರ ಕಳುಹಿಸಬಹುದೆಂಬ ಮಿತಿಯನ್ನು ವಾಟ್ಸಾಪ್ 2020ರ ಏಪ್ರಿಲಿನಲ್ಲಿ ತಂದಿತು. ವಿಪತ್ತಿನ ಬಗ್ಗೆ ಸುಳ್ಳು ಭೀತಿ ಹಬ್ಬಿಸಿದವರಿಗೆ ಒಂದು ವರ್ಷದವರೆಗೆ ಸಜೆ ವಿಧಿಸಲು 2005ರ ವಿಪತ್ತು ನಿರ್ವಹಣಾ ಕಾಯಿದೆಯ 54ನೇ ಕಲಮು ಅವಕಾಶ ಕೊಡುತ್ತದೆ. ಆದರೂ ವದಂತಿ ನಿಲ್ಲಲಿಲ್ಲ. ಕಾರಣಗಳು ಸ್ಪಷ್ಟ.

ಮೊದಲನೆಯದು ವೇಗ. ಸುಳ್ಳು ರಾತ್ರಿಯೇ ಮನೆ ತಲುಪಿದರೆ ಅಲ್ಲಗಳೆಯುವ ಪ್ರಕಟಣೆ ಮರುದಿನ ಬರುತ್ತದೆ. ಎರಡನೆಯದು ಭಾಷೆ. ಮಹಾನಗರಪಾಲಿಕೆಯ ಸೂಚನೆ ಮರಾಠಿಯಲ್ಲಿ, ಕೇಂದ್ರದ ಸೂಚನೆ ಇಂಗ್ಲಿಷ್, ಹಿಂದಿಯಲ್ಲಿ ಬಂತು. ವದಂತಿ ಮಾತ್ರ ಕನ್ನಡದಲ್ಲಿ, ತುಳುವಿನಲ್ಲಿ, ಪರಿಚಿತ ಧ್ವನಿಯಲ್ಲಿ ಬಂತು. ನಮ್ಮ ಮನೆಗಳಲ್ಲಿ ಇನ್ನೂ ಒಂದು ತೊಡಕಿದೆ. ಹಿರಿಯರಿಗೆ ಕನ್ನಡ ಬಿಟ್ಟು ಬೇರೆ ಲಿಪಿ ಸಲೀಸಾಗಿ ಓದಲು ಬಾರದು, ಇಲ್ಲೇ ಹುಟ್ಟಿ ಬೆಳೆದ ಮೊಮ್ಮಕ್ಕಳಿಗೆ ಕನ್ನಡ ಲಿಪಿ ಬಾರದು. ಹೀಗಾಗಿ ಅಜ್ಜಿಗೆ ಬಂದ ಸಂದೇಶವನ್ನು ಮೊಮ್ಮಗಳು ಪರೀಕ್ಷಿಸುವುದೂ ಕಷ್ಟ.

ಮೂರನೆಯದು, ಅಧಿಕೃತ ಮಾತೇ ಆಗಾಗ ಬದಲಾದದ್ದು. 2020ರ ಮಾರ್ಚ್ 30ರಂದು ಮುಂಬಯಿ ಮಹಾನಗರಪಾಲಿಕೆಯು ಕೊರೊನಾದಿಂದ ಸತ್ತವರೆಲ್ಲರ ಶವವನ್ನೂ ಧರ್ಮಭೇದವಿಲ್ಲದೆ ದಹಿಸಬೇಕೆಂದು ಸುತ್ತೋಲೆ ಹೊರಡಿಸಿ ಕೆಲವೇ ಗಂಟೆಗಳಲ್ಲಿ ಹಿಂದೆಗೆದುಕೊಂಡಿತು. ಆರೋಗ್ಯವಂತರಿಗೆ ಮಾಸ್ಕ್ ಬೇಡವೆಂದು ಮಾರ್ಚಿನಲ್ಲಿ ಹೇಳಿದ್ದು ಏಪ್ರಿಲಿನಲ್ಲಿ ಕಡ್ಡಾಯವಾಯಿತು. ಬಹಳ ಸದ್ದು ಮಾಡಿದ್ದ ಪ್ಲಾಸ್ಮಾ ಚಿಕಿತ್ಸೆಯನ್ನು 2021ರ ಮೇ ತಿಂಗಳಲ್ಲಿ ಮಾರ್ಗಸೂಚಿಯಿಂದ ಕೈಬಿಡಲಾಯಿತು. ಹೊಸ ರೋಗದ ಬಗ್ಗೆ ತಿಳಿವಳಿಕೆ ಬೆಳೆದಂತೆ ಸಲಹೆ ಬದಲಾಗುವುದು ಸಹಜ. ಆದರೆ ಏಕೆ ಬದಲಾಯಿತೆಂದು ಬಿಡಿಸಿ ಹೇಳುವವರು ಕಡಿಮೆಯಿದ್ದರು. ಆ ಜಾಗದಲ್ಲಿ ಸಂಶಯ ಬೆಳೆಯಿತು.

ಜನ ಯಾರ ಮಾತು ಕೇಳಿದರು?

ಇದಕ್ಕೆ ಉತ್ತರ ನಮ್ಮ ನಡುವಿನ ಧಾರಾವಿಯಲ್ಲಿದೆ. ಎರಡೂವರೆ ಚದರ ಕಿಲೋಮೀಟರಿನಷ್ಟು ಜಾಗದಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಜನ ಇರಬಹುದೆಂಬ ಅಂದಾಜಿರುವ ಈ ಬಸ್ತಿಯಲ್ಲಿ 2020ರ ಏಪ್ರಿಲ್ 1ರಂದು ಮೊದಲ ರೋಗಿ ಪತ್ತೆಯಾದಾಗ ಗತಿಯೇನೆಂದು ನಗರವೇ ನಡುಗಿತ್ತು. ಪಾಲಿಕೆಯು ಮನೆಮನೆ ತಪಾಸಣೆಗೆ ಅಲ್ಲಿಯೇ ವರ್ಷಗಳಿಂದ ದವಾಖಾನೆ ಇಟ್ಟುಕೊಂಡಿದ್ದ ಖಾಸಗಿ ವೈದ್ಯರನ್ನು ಜತೆಗೆ ಕರೆದುಕೊಂಡಿತು. ಹೊರಗಿನವರು ಬಾಗಿಲು ತಟ್ಟಿದರೆ ಜ್ವರವನ್ನು ಬಚ್ಚಿಡುವ ಜನ, ತಮ್ಮ ಮಕ್ಕಳ ಕೆಮ್ಮಿಗೆ ಮದ್ದು ಕೊಟ್ಟ ಡಾಕ್ಟರ್ ಬಂದಾಗ ಬಾಗಿಲು ತೆರೆದರು. ರೋಗ ಹತೋಟಿಗೆ ಬಂತು. ಜುಲೈ 10ರಂದು ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಸ್ಥರು ಧಾರಾವಿಯ ಹೆಸರೆತ್ತಿ ಮೆಚ್ಚಿದರು.

ಆಗಾ ಖಾನರ ತೋಳೂ ಧಾರಾವಿಯ ಡಾಕ್ಟರರ ಮುಖವೂ ಹೇಳುವುದು ಒಂದನ್ನೇ. ಕಷ್ಟಕಾಲದಲ್ಲಿ ಜನ ಸುದ್ದಿಯನ್ನು ಅಳೆಯುವುದಕ್ಕಿಂತ ಮೊದಲು ಅದನ್ನು ತಂದವರನ್ನು ಅಳೆಯುತ್ತಾರೆ.

ಹೊರನಾಡಿನಲ್ಲಿ ಕನ್ನಡ ಸಂಘಗಳು, ಜಾತೀಯ ಸಂಸ್ಥೆಗಳು, ಭಜನಾ ಮಂಡಳಿಗಳು ಗಳಿಸಿರುವುದು ಇದೇ ನಂಬಿಕೆಯನ್ನು. ಹಗಲು ಹೊಟೇಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕಲಿತ ತಲೆಮಾರು ಈ ಸಂಸ್ಥೆಗಳ ನೆರಳಿನಲ್ಲಿ ಬೆಳೆದಿದೆ. ವಿದ್ಯಾರ್ಥಿವೇತನ, ವೈದ್ಯಕೀಯ ನೆರವು, ವಧೂವರ ಅನ್ವೇಷಣೆ ಎಲ್ಲಕ್ಕೂ ಸಮಾಜ ಬಾಂಧವರು ಬರುವುದು ಸಂಘದ ಕಚೇರಿಗೇ. 2020ರಲ್ಲಿ ಅನೇಕ ಸಂಸ್ಥೆಗಳು ಅಕ್ಕಿ, ಬೇಳೆಯ ಕಿಟ್ ಹಂಚಿದವು, ಔಷಧ ತಲುಪಿಸಿದವು. ಅಕ್ಕಿ ಕೊಟ್ಟವರ ಮಾತಿಗೆ ಬೆಲೆಯಿರುತ್ತದೆ. ಕಿಟ್ಟಿನ ಜತೆಗೆ ಸರಿಯಾದ ಮಾಹಿತಿಯೂ ಹೋಗುವಂತೆ ವ್ಯವಸ್ಥೆ ಮಾಡಿಕೊಂಡರೆ ಸಂಘದ ಸೇವೆ ಪೂರ್ಣವಾಗುತ್ತದೆ.

ಸಂಘಗಳು ಏನು ಮಾಡಬಹುದು?

ಇದಕ್ಕೆ ದೊಡ್ಡ ನಿಧಿ ಬೇಡ. ಮೊದಲಾಗಿ, ಪ್ರತಿ ಸಂಘವೂ ತನ್ನ ಸದಸ್ಯರಲ್ಲಿರುವ ವೈದ್ಯರು, ದಾದಿಯರು, ಔಷಧ ವ್ಯಾಪಾರಿಗಳು, ಪಾಲಿಕೆಯ ನೌಕರರ ಪಟ್ಟಿ ಮಾಡಿಟ್ಟುಕೊಳ್ಳಲಿ. ಅವರಲ್ಲಿ ಮೂರು-ನಾಲ್ಕು ಮಂದಿಯನ್ನು ಒಪ್ಪಿಸಿ ಆರೋಗ್ಯ ಸಲಹಾ ಉಪಸಮಿತಿ ರಚಿಸಲಿ. ಸಂಶಯದ ಸಂದೇಶ ಬಂದಾಗ ಕಾರ್ಯದರ್ಶಿಯು ಅವರನ್ನು ಕೇಳಿ, ಅದೇ ದಿನ ಉತ್ತರ ಕೊಡುವಂತಿರಬೇಕು.

ಎರಡನೆಯದಾಗಿ, ಉತ್ತರ ಬರೆಯುವ ಕ್ರಮ. 'ಈ ಸುಳ್ಳನ್ನು ನಂಬಬೇಡಿ' ಎಂದು ಸುಳ್ಳನ್ನೇ ದೊಡ್ಡ ಅಕ್ಷರದಲ್ಲಿ ಮೊದಲು ಹಾಕಿದರೆ ಓದಿದವರಿಗೆ ನೆನಪುಳಿಯುವುದು ಸುಳ್ಳೇ. ನಿಜ ಮೊದಲು ಬರಬೇಕು. ಉದಾಹರಣೆಗೆ, ಮುಟ್ಟಿನ ಐದು ದಿನ ಮೊದಲು, ಐದು ದಿನ ಅನಂತರ ಹೆಂಗಸರು ಲಸಿಕೆ ಹಾಕಿಸಿಕೊಳ್ಳಬಾರದೆಂಬ ಸಂದೇಶ 2021ರ ಏಪ್ರಿಲಿನಲ್ಲಿ ಹಬ್ಬಿತ್ತು. ಅದಕ್ಕೆ ಸಂಘದ ಉತ್ತರ ಹೀಗಿರಬಹುದಿತ್ತು: 'ಮುಟ್ಟಿನ ದಿನಗಳಲ್ಲೂ ಲಸಿಕೆ ಹಾಕಿಸಿಕೊಳ್ಳಬಹುದು. ಬಾರದೆಂಬ ಸಂದೇಶ ಸುಳ್ಳು. ಲಸಿಕೆಯಿಂದ ಒಂದೆರಡು ದಿನ ಜ್ವರ, ಮೈಕೈ ನೋವು ಬರಬಹುದು, ಅದು ತಾನಾಗಿ ಹೋಗುತ್ತದೆ. ನಿಮ್ಮ ದಿನ ಬಂದಾಗ ತಪ್ಪದೆ ಹೋಗಿರಿ.' ಇದರ ಕೆಳಗೆ ಹೇಳಿದ ವೈದ್ಯರ ಹೆಸರು, ಸಂಘದ ಹೆಸರು, ತಾರೀಕು ಇರಬೇಕು. ತಾರೀಕಿಲ್ಲದ ಸಂದೇಶ ಎರಡು ವರ್ಷದ ಬಳಿಕ ಮತ್ತೆ ತಿರುಗಿ ಬಂದು ಹೊಸ ಗೊಂದಲ ಎಬ್ಬಿಸುತ್ತದೆ.

ಮೂರನೆಯದಾಗಿ, ಧ್ವನಿ. ಓದಲು ಕಷ್ಟಪಡುವ ಹಿರಿಯರಿಗಾಗಿ ಒಂದು ನಿಮಿಷದ ಧ್ವನಿ ಸಂದೇಶವನ್ನು ಕನ್ನಡದಲ್ಲಿ, ತುಳುವಿನಲ್ಲಿ, ಕೊಂಕಣಿಯಲ್ಲಿ ಅವರಿಗೆ ಪರಿಚಯವಿರುವವರೇ ಮಾತಾಡಿ ಕಳುಹಿಸಲಿ. ಪುಣೆ, ಹೈದರಾಬಾದಿನ ಸಂಘಗಳು ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಹೇಳಿದರೆ ಕಟ್ಟಡ ಕಾರ್ಮಿಕರಿಗೂ ಅದು ತಲುಪೀತು. ಮಹಿಳಾ ವಿಭಾಗದವರು ಫೋನು ಮಾಡಿ ಒಂಟಿಯಾಗಿರುವ ಹಿರಿಯರನ್ನು ಮಾತಾಡಿಸಲಿ. ಯುವ ವಿಭಾಗದವರು ಹಳೆಯ ಚಿತ್ರ, ವಿಡಿಯೋಗಳ ಮೂಲ ಹುಡುಕುವುದನ್ನು ಕಲಿತು ಇತರರಿಗೂ ಕಲಿಸಲಿ.

ನಾಲ್ಕನೆಯದಾಗಿ, ಫೋನ್ ನಂಬ್ರಗಳು. 2021ರ ಏಪ್ರಿಲಿನಲ್ಲಿ ಆಮ್ಲಜನಕ, ಔಷಧಿ ಸಿಗುತ್ತದೆಂದು ಹಂಚಲಾದ ಎಷ್ಟೋ ನಂಬ್ರಗಳು ಉಪಯೋಗಕ್ಕೆ ಬರಲಿಲ್ಲ, ಕೆಲವು ಮುಂಗಡ ಹಣ ನುಂಗುವವರದಾಗಿದ್ದವು. ಪಾಲಿಕೆಯ 24 ವಾರ್ಡುಗಳ ವಾರ್ ರೂಮುಗಳ ನಂಬ್ರವೇ ಗೊತ್ತಿರದೆ ಜನ ಅಲೆದರು. ಸಂಘದವರು ತಾವೇ ಕರೆ ಮಾಡಿ ಖಾತ್ರಿಪಡಿಸದ ಯಾವ ನಂಬ್ರವನ್ನೂ ಹಂಚಬಾರದು.

ಐದನೆಯದಾಗಿ, ರೋಗಿಗಳ ಹೆಸರು. 2020ರ ಮಾರ್ಚಿನಲ್ಲಿ ಮನೆಯಲ್ಲೇ ಕ್ವಾರಂಟೈನಿನಲ್ಲಿದ್ದವರ ವಿಳಾಸಗಳ ಪಟ್ಟಿಯನ್ನು ಕರ್ನಾಟಕ ಸರಕಾರವೇ ಪ್ರಕಟಿಸಿದಾಗ ಅದು ಎಲ್ಲರ ಮೊಬೈಲಿಗೂ ಹೋಯಿತು. ಪಟ್ಟಿಯಲ್ಲಿದ್ದವರಿಗೆ ನೆರೆಹೊರೆಯವರಿಂದ ಕಿರುಕುಳವಾಯಿತು. ಯಾರಿಗೆ ರೋಗ ಬಂದಿದೆ ಎಂಬುದನ್ನು ಸಂಘದ ಗುಂಪಿನಲ್ಲಿ ಹಾಕಲೇಬಾರದು. ಹೆಸರು ಹೊರಬೀಳುತ್ತದೆಂಬ ಭಯವಿದ್ದರೆ ಜನ ಪರೀಕ್ಷೆಗೇ ಹೋಗುವುದಿಲ್ಲ.

ಕೊನೆಯದಾಗಿ, ತಿದ್ದುವ ರೀತಿ. ಸುಳ್ಳು ಸಂದೇಶ ಕಳುಹಿಸಿದವರು ಹೆಚ್ಚಾಗಿ ಕೆಟ್ಟವರಲ್ಲ, ಗಾಬರಿಗೊಂಡವರು. ನಮ್ಮವರಿಗೆ ಒಳ್ಳೆಯದಾಗಲಿ ಎಂದೇ ಕಳುಹಿಸಿರುತ್ತಾರೆ. ಎಲ್ಲರೆದುರು ಅವರನ್ನು ಮೂದಲಿಸಿದರೆ ಹಟ ಹಿಡಿಯುತ್ತಾರೆ. ಬೇರೆಯಾಗಿ ಫೋನು ಮಾಡಿ 'ಮಾವ, ಇದು ಎಲ್ಲಿಂದ ಬಂತು? ಒಮ್ಮೆ ಡಾಕ್ಟರರ ಹತ್ತಿರ ಕೇಳುವ' ಎಂದರೆ ಅವರೇ ಸಂದೇಶವನ್ನು ಹಿಂದೆಗೆದುಕೊಂಡಾರು. ಅವರೇ ಗುಂಪಿನಲ್ಲಿ 'ಅದು ಸರಿಯಲ್ಲವಂತೆ' ಎಂದು ಬರೆದರೆ ಅದಕ್ಕಿಂತ ದೊಡ್ಡ ಖಂಡನೆ ಬೇರಿಲ್ಲ.

ತಿಳಿಯದ್ದನ್ನು ತಿಳಿಯದೆಂದೇ ಹೇಳಬೇಕು

ಸುಳ್ಳನ್ನು ಎದುರಿಸುವ ಉತ್ಸಾಹದಲ್ಲಿ ನಾವೂ ಅತಿಯಾಗಿ ಭರವಸೆ ಕೊಡಬಾರದು. ಲಸಿಕೆಯಿಂದ ಯಾರಿಗೂ ಏನೂ ಆಗುವುದಿಲ್ಲ ಎಂದರೆ, ಒಬ್ಬರಿಗೆ ಜ್ವರ ಬಂದ ಕೂಡಲೇ ನಮ್ಮ ಎಲ್ಲ ಮಾತೂ ಸುಳ್ಳಾಗುತ್ತದೆ. ಇದಕ್ಕೂ ಹಾಫ್‌ಕಿನ್ ಅವರ ಕಥೆಯೇ ನಿದರ್ಶನ. 1902ರ ಅಕ್ಟೋಬರಿನಲ್ಲಿ ಪಂಜಾಬಿನ ಮುಲ್ಕೋವಾಲದಲ್ಲಿ ಪ್ಲೇಗಿನ ಲಸಿಕೆ ಹಾಕಿಸಿಕೊಂಡವರಲ್ಲಿ 19 ಮಂದಿ ಧನುರ್ವಾಯುವಿನಿಂದ ಸತ್ತರು. ಒಂದೇ ಬಾಟಲಿಯ ಲಸಿಕೆ ಅವರೆಲ್ಲರಿಗೂ ಹೋಗಿತ್ತು. ತಪ್ಪು ಬೊಂಬಾಯಿಯ ಪ್ರಯೋಗಾಲಯದ್ದೆಂದು ತೀರ್ಮಾನಿಸಿ ಹಾಫ್‌ಕಿನ್ ಅವರನ್ನು ಹುದ್ದೆಯಿಂದ ದೂರವಿಟ್ಟರು. ಬಾಟಲಿ ತೆರೆಯುವಾಗ ಹಳ್ಳಿಯಲ್ಲಿ ನೆಲಕ್ಕೆ ಬಿದ್ದ ಚಿಮಟವನ್ನು ಸರಿಯಾಗಿ ಶುದ್ಧಿ ಮಾಡದೆ ಬಳಸಿದ ಸಂಗತಿ ಬಹಳ ಕಾಲ ಬೆಳಕಿಗೆ ಬರಲಿಲ್ಲ. ರೊನಾಲ್ಡ್ ರಾಸ್ ಮೊದಲಾದ ವಿಜ್ಞಾನಿಗಳು ಪತ್ರಿಕೆಗೆ ಬರೆದು ಒತ್ತಾಯಿಸಿದ ಬಳಿಕ 1907ರಲ್ಲಿ ಅವರು ದೋಷಮುಕ್ತರಾದರು. ನಿಜವನ್ನು ಕೂಡಲೇ ಹೇಳಿದ್ದಿದ್ದರೆ ಲಸಿಕೆಯ ಮೇಲಿನ ನಂಬಿಕೆಯೂ ಒಬ್ಬ ಮನುಷ್ಯನ ಐದು ವರ್ಷಗಳೂ ಉಳಿಯುತ್ತಿದ್ದವು. 1925ರಲ್ಲಿ ಪರೇಲಿನ ಆ ಪ್ರಯೋಗಾಲಯಕ್ಕೆ ಹಾಫ್‌ಕಿನ್ ಸಂಸ್ಥೆ ಎಂದು ಹೆಸರಿಡಲಾಯಿತು.

ಆದ್ದರಿಂದ ಸಂಘದ ಸಂದೇಶದಲ್ಲಿ 'ಈಗ ತಿಳಿದಿರುವುದು ಇಷ್ಟು, ತಿಳಿಯದಿರುವುದು ಇಷ್ಟು, ಹೊಸದು ಗೊತ್ತಾದರೆ ತಿಳಿಸುತ್ತೇವೆ' ಎಂಬ ಮಾತಿರಲಿ. ಹಾಗೆ ಹೇಳಿದವರ ಸಲಹೆ ಮುಂದೆ ಬದಲಾದರೂ ಜನ ತಪ್ಪು ತಿಳಿಯುವುದಿಲ್ಲ.

ಮುಂದಿನ ಸಲಕ್ಕೆ ಈಗಲೇ ಸಿದ್ಧತೆ

ಕೊರೊನಾದ ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು 2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ವದಂತಿಗೆ ಮಾತ್ರ ಅಂಥ ಮುಕ್ತಾಯವಿಲ್ಲ. 2025ರ ಜನವರಿ 6ರಂದು ಬೆಂಗಳೂರಿನಲ್ಲಿ ಎರಡು ಎಳೆಯ ಮಕ್ಕಳಲ್ಲಿ ಎಚ್‌ಎಂಪಿವಿ ಪತ್ತೆಯಾದಾಗ, ಚೀನಾದಿಂದ ಹೊಸ ವೈರಸ್ ಬಂತು, ಮತ್ತೆ ಲಾಕ್‌ಡೌನ್ ಆಗುತ್ತದೆ ಎಂದು ಸಂದೇಶಗಳು ಹಾರಾಡಿದವು. ಆ ವೈರಸನ್ನು ವಿಜ್ಞಾನಿಗಳು ಗುರುತಿಸಿದ್ದು 2001ರಲ್ಲಿ. ಅದು ಆಗಲೇ ದೇಶದಲ್ಲಿ ಇದ್ದುದೇ ಆಗಿತ್ತು. ಆದರೂ ಒಂದೇ ದಿನದಲ್ಲಿ ಊರಿನಿಂದ ಮುಂಬಯಿಗೆ, ಮುಂಬಯಿಯಿಂದ ಊರಿಗೆ ಭಯ ಹೋಗಿ ಬಂತು.

ರೋಗ ಬಂದ ಮೇಲೆ ಸಮಿತಿ ರಚಿಸಲು ಹೊರಟರೆ ಆಗಲೇ ಸುಳ್ಳು ಮನೆ ಸೇರಿರುತ್ತದೆ. ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಒಂದು ವಿಷಯವಾಗಿ ಇದನ್ನು ಎತ್ತಿಕೊಂಡು, ವೈದ್ಯರ ಪಟ್ಟಿ, ಹಿರಿಯರ ಫೋನ್ ಪಟ್ಟಿ, ಸಂದೇಶ ಹೊರಡಿಸುವ ಜವಾಬ್ದಾರಿ ಯಾರದೆಂಬ ನಿರ್ಣಯ, ಈ ಮೂರನ್ನು ಮಾಡಿಟ್ಟರೂ ಸಾಕು. ಊರಿನ ಗ್ರಾಮ ಪಂಚಾಯತು, ದೇವಸ್ಥಾನದ ಆಡಳಿತ ಮಂಡಳಿಗಳೊಂದಿಗೆ ಸಂಪರ್ಕವಿರುವ ಸಂಘಗಳು ಅಲ್ಲಿಯೂ ಒಬ್ಬರನ್ನು ಗೊತ್ತುಪಡಿಸಿಕೊಳ್ಳಲಿ. ಇನ್ನೊಮ್ಮೆ ಅಂಥ ದಿನ ಬಂದರೆ, ಬೋರಿವಲಿಯಿಂದಲೋ ಡೊಂಬಿವಲಿಯಿಂದಲೋ ಬಸ್ಸು ಹತ್ತಿದ ಹೊಟೇಲು ಕಾರ್ಮಿಕ ಊರಿಗೆ ತಲುಪುವ ಮೊದಲೇ, ಅವನ ಬಗ್ಗೆ ನಿಜವಾದ ಮಾತು ಅಲ್ಲಿಗೆ ತಲುಪಿರಬೇಕು.